ಬಿಸಿನೀರಿನಲ್ಲಿ ಕರಗಿದ ಕಲ್ಲು

ತಕ್ಕಡಿಗೆ ಹಾಕಿದ ಟೊಮೆಟೊವನ್ನು ಒಂದೊಂದಾಗಿ ತಿರುಗಿಸಿ ನೋಡುವವಳು ನಾನು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಒಂದು ಸಲ, ಪಕ್ಕದವರನ್ನು ಒಂದು ಸಲ ಕೇಳಿಯೇ ಹತ್ತುತ್ತೇನೆ. ನಮ್ಮ ಮನೆಯವರು ಮಹದೇವಸ್ವಾಮಿ, "ನಿಮ್ಮವ್ವ ನಿಂಗೆ ಹಾಲಿನ ಜೊತ್ಗೆ ಅನುಮಾನಾನೂ ಕುಡಿಸವ್ಳೆ ಕಣೆ ಮಣಿ" ಎಂದು ರೇಗಿಸುತ್ತಾರೆ. ಇಂಥ ನಾನೇ ಮೋಸಹೋದೆ. ಅದೂ ಯಾರೂ ಮೋಸ ಮಾಡದೆ. ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮನೆಮದ್ದು ಹುಡುಕುತ್ತಿರುವ ಯಾರಿಗಾದರೂ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ. ಮಗ್ಗದವರು ತಂದುಕೊಟ್ಟ ನೂಲನ್ನು ಮೊದಲು ಸಾಬೂನು, ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿ ಅಂಟು ಬಿಡಿಸಬೇಕು. ಆಮೇಲೆ ಬಣ್ಣ. ಬೇಯಿಸುವುದು ನನ್ನ ಪಾಲು, ಬಣ್ಣ ಅವರ ಪಾಲು. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸವಾದ್ದರಿಂದ ಹಬೆ, ಸೋಡಾ, ಸಾಬೂನಿನ ವಾಸನೆ ನನಗೆ ಅಡುಗೆಮನೆಯಷ್ಟೇ ಸಲಿಗೆ.

ಯಳಂದೂರಿನಲ್ಲಿ ನಮ್ಮಕ್ಕ ಗೌರಮ್ಮನ ಹೊಸ ಮನೆಯ ಗೃಹಪ್ರವೇಶ. ಅಕ್ಕ ಬಲವಂತ ಮಾಡಿ ಮೂರನೇ ಒಬ್ಬಟ್ಟಿಗೂ ತುಪ್ಪ ಸುರಿದಳು. ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ಬಲಪಕ್ಕೆಯಲ್ಲಿ ಯಾರೋ ಮುಷ್ಟಿ ಹಾಕಿ ತಿರುವಿದಂತಾಯಿತು. ನೋವು ಬೆನ್ನಿಗೆ ಹೋಯಿತು, ಅಲ್ಲಿಂದ ಬಲಭುಜಕ್ಕೆ ಏರಿತು. ಬಸ್ಸು ನಿಲ್ಲಿಸಲು ಹೇಳಿ, ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿದೆ. ಎಲ್ಲರೂ ಗ್ಯಾಸ್ಟ್ರಿಕ್ ಅಂದರು, ನಾನೂ ಅಂದೆ. ನಮ್ಮ ಕಡೆ ಎದೆ ಒಡೆದುಹೋದರೂ ಮೊದಲು ಗ್ಯಾಸ್ಟ್ರಿಕ್ಕೇ.

ಅದೇ ನೋವು ಇನ್ನೂ ಎರಡು ಸಲ ಬಂದ ಮೇಲೆ ಸ್ಕ್ಯಾನಿಂಗ್ ಮಾಡಿಸಿದೆವು. ಚೀಟಿ ನೋಡಿದ ಡಾಕ್ಟರಮ್ಮನಿಗೆ ಇನ್ನೂ ಚಿಕ್ಕ ವಯಸ್ಸು. ನಮಗೆ ಅರ್ಥವಾಗಲಿ ಎಂದು ಪಾಪ, ಒಂದೊಂದೇ ಪದ ಹುಡುಕಿ ಅಚ್ಚ ಕನ್ನಡದಲ್ಲಿ ಹೇಳಿದರು. "ಪಿತ್ತಕೋಶದಲ್ಲಿ ಕಲ್ಲುಗಳಿವೆ ಅಮ್ಮ. ಪಿತ್ತಕೋಶವನ್ನೇ ತೆಗೆಸಬೇಕಾಗುತ್ತದೆ. ಈಗ ಅವಸರವಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ಒಂದು ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಕಷ್ಟ."

ಅವರು ಗಾಲ್‌ಬ್ಲಾಡರ್ ಎಂದಿದ್ದರೆ ನಾವು ಕಣ್ಣು ಕಣ್ಣು ಬಿಟ್ಟು, ಹೆದರಿ, ಏನು ಎತ್ತ ಎಂದು ಕೇಳುತ್ತಿದ್ದೆವೇನೋ. ಕನ್ನಡದಲ್ಲಿ ಹೇಳಿಬಿಟ್ಟರು. ಅದಕ್ಕೇ ಅರ್ಥವಾಯಿತು ಎಂದುಕೊಂಡೆವು.

ಪಿತ್ತ ಯಾರಿಗೆ ಗೊತ್ತಿಲ್ಲ ಹೇಳಿ? ತಲೆ ತಿರುಗಿದರೆ ಪಿತ್ತ, ಬಾಯಿ ಕಹಿಯಾದರೆ ಪಿತ್ತ, ಅತ್ತೆ ಸಿಡುಕಿದರೆ ಅವರ ಪಿತ್ತ ನೆತ್ತಿಗೇರಿದೆ. ಅಂಗೈ ಚರ್ಮ ಸುಲಿದರೂ ಪಿತ್ತವೇ. ಹುಟ್ಟಿದಾಗಿನಿಂದ ನಮ್ಮ ಮನೆಗಳಲ್ಲಿ ಓಡಾಡಿಕೊಂಡಿರುವ ಈ ಪಿತ್ತಕ್ಕೆ ಹುಟ್ಟಿದಾಗಿನಿಂದಲೇ ಒಂದು ಮದ್ದೂ ಇದೆ. ಹೇರಳೆಕಾಯಿ. ಅದರ ಚಿತ್ರಾನ್ನ, ಉಪ್ಪಿನಕಾಯಿ, ಅದರ ರಸಕ್ಕೆ ಜೀರಿಗೆಪುಡಿ. ಹೇರಳೆ ಇಲ್ಲದ ಕಾಲದಲ್ಲಿ ನಿಂಬೆ. ಡಾಕ್ಟರಮ್ಮ ಹೇಳಿದ್ದರಲ್ಲಿ "ಕೋಶ" ಎಂಬ ತುದಿ ಆಸ್ಪತ್ರೆಯ ಬಾಗಿಲಲ್ಲೇ ಉದುರಿ, ಬರೀ "ಪಿತ್ತ" ನಮ್ಮ ಜೊತೆ ಆಟೋ ಹತ್ತಿತು.

ಅಕ್ಕನಿಗೆ ಫೋನು ಮಾಡಿದೆ. ಕಲ್ಲು ಎಂದ ತಕ್ಷಣ ಅವಳು, "ಬಾಳೆದಿಂಡಿನ ರಸ ಕುಡಿ ಕಣಮ್ಮಿ, ಓಯ್ತದೆ" ಎಂದಳು.

"ಅದು ಕಿಡ್ನಿ ಕಲ್ಲಿಗೆ ಕಣಕ್ಕ. ನಂದು ಪಿತ್ತದ್ದು."

"ಅಯ್ಯೋ, ಪಿತ್ತವಾ!" ಅಕ್ಕನ ದನಿಯಲ್ಲಿ ಜೀವ ಬಂದಂತಾಯಿತು. "ಪಿತ್ತಕ್ಕೆ ಯಾರಾದ್ರೂ ಒಟ್ಟೆ ಕೊಯ್ಸ್ಕತಾರಾ? ನಮ್ಮ ಇತ್ಲಲ್ಲಿ ಏರಳೆ ಗಿಡ ಬಗ್ಗಿ ಬಿದ್ದದೆ. ಇತ್ತಲ ಗಿಡ ಮದ್ದಲ್ಲ ಅಂತವ ದೊಡ್ಡೋರು ಸುಮ್ನೆ ಅಂದಿಲ್ಲ. ನಾಳೀಕೆ ಕಳಿಸ್ತೀನಿ ಕಾಯ್ತಿರು."

ಅನುಮಾನದವಳಾದ ನಾನು ಇಲ್ಲಿ ಯಾಕೆ ಅನುಮಾನ ಪಡಲಿಲ್ಲ ಎಂದು ಕೇಳಬಹುದು. ನನ್ನ ಅನುಮಾನವೆಲ್ಲ ಆಪರೇಷನ್ ಮೇಲೆ ಖರ್ಚಾಗಿಹೋಗಿತ್ತು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವ್ವನನ್ನು ಗರ್ಭಕೋಶದ ಆಪರೇಷನ್ನಿಗೆಂದು ಪರವೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಒಳಗೆ ಹೋಗುವಾಗ ಅವಳು ನನ್ನ ಜಡೆ ಸರಿಮಾಡಿ, "ಅಕ್ಕನ್ ಜೊತ್ಗೆ ಜಗಳ ಆಡ್ಬೇಡ" ಎಂದಳು. ಮತ್ತು ಬರಿಸುವ ಮದ್ದು ಕೊಟ್ಟಿದ್ದರಂತೆ, ಎಚ್ಚರವಾಗಲಿಲ್ಲವಂತೆ. ಯಾಕೆ, ಏನು ಎಂದು ನಮಗೆ ಯಾರೂ ಹೇಳಲಿಲ್ಲ, ಅಪ್ಪನಿಗೆ ಕೇಳುವ ಧೈರ್ಯವೂ ಇರಲಿಲ್ಲ. ಅಂದಿನಿಂದ ಆಪರೇಷನ್ನಿನ ಹಸಿರು ಬಟ್ಟೆ ತೊಟ್ಟ ಯಾರನ್ನು ಕಂಡರೂ ದಾರಿ ಬದಲಿಸುತ್ತೇನೆ. ಡಾಕ್ಟರಮ್ಮ "ತೆಗೆಸಬೇಕು" ಎಂದಾಗಲೇ ನಾನು ಮನಸ್ಸಿನಲ್ಲಿ ಎದ್ದು ಹೊರಗೆ ಹೋಗಿದ್ದೆ. ಆಪರೇಷನ್ ಮಾಡಿಸಿದರೆ ಏಳುವುದಿಲ್ಲ, ಮಾಡಿಸದಿದ್ದರೆ ಬದುಕುತ್ತೇನೆ. ಇಷ್ಟೇ ನನ್ನ ಲೆಕ್ಕ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವುದು ಗಾದೆ. ನನ್ನ ವೈದ್ಯೆ ಹಾಲು ಅನ್ನ ಹೇಳಲಿಲ್ಲ, ಹೇಳುವವರನ್ನು ನಾನೇ ಹುಡುಕಿಕೊಂಡೆ.

ಒಂದೂವರೆ ತಿಂಗಳು ಬೆಳಗ್ಗೆ ಬರೀ ಹೊಟ್ಟೆಗೆ ಹೇರಳೆ ರಸ. ಹಲ್ಲು ಚುಳ್ಳೆಂದು ಇಡ್ಲಿ ಕಚ್ಚಲೂ ಆಗದಂತಾಯಿತು. ಎಣ್ಣೆ, ತುಪ್ಪ ಬಿಟ್ಟಿದ್ದರಿಂದಲೋ ಏನೋ ನೋವು ತೆರಪು ಕೊಟ್ಟಿತು. ಹೆಸರು ಹೇರಳೆಗೆ ಬಂತು. ಆಮೇಲೊಂದು ಮಧ್ಯಾಹ್ನ, ನೂಲು ಜಾಲಿಸುತ್ತಿದ್ದಾಗ, ಮತ್ತೆ ಅದೇ ಮುಷ್ಟಿ. ಹಸಿ ನೆಲದ ಮೇಲೇ ಮುದುರಿ ಮಲಗಿದೆ. ಮನೆಯವರು, "ಡಾಕ್ಟ್ರಮ್ಮನ್ ತಾವ್ಕೆ ಓಗವ ನಡಿ" ಎಂದರು. ನಾನು ಗೋಡೆಯತ್ತ ಹೊರಳಿದೆ. ಅಷ್ಟರಲ್ಲಿ ಅಕ್ಕ ಇನ್ನೊಂದು ದಾರಿ ಹುಡುಕಿದ್ದಳು. ಹನೂರಿನಾಚೆ ರಾಮಾಪುರದ ಹತ್ತಿರ ಒಬ್ಬರು ರಿಟೈರಾದ ಮೇಷ್ಟ್ರು ಇದ್ದಾರೆ, ಬರೀ ಹಣ್ಣಿನ ರಸದಲ್ಲಿ ಕಲ್ಲು ಬೀಳಿಸುತ್ತಾರೆ, ಬಿದ್ದ ಕಲ್ಲನ್ನು ಕಣ್ಣಿಗೇ ತೋರಿಸುತ್ತಾರೆ ಎಂದು.

ಪುಟ್ಟಮಾದಪ್ಪ ಮೇಷ್ಟ್ರನ್ನು ನೋಡಲು ಹೊರಟಾಗ ನಾನು ಪೂರ್ತಿ ಸಜ್ಜಾಗಿದ್ದೆ. ದುಡ್ಡು ಎಷ್ಟು ಕೇಳುತ್ತಾರೆ, ಯಾವ ಪುಡಿ ಮಾರುತ್ತಾರೆ, ಗೋಡೆಯ ಮೇಲೆ ಯಾರ ಜೊತೆ ತೆಗೆಸಿಕೊಂಡ ಫೋಟೊ ಇದೆ, ಎಲ್ಲ ನೋಡಬೇಕೆಂದುಕೊಂಡಿದ್ದೆ. ಬಸ್ಸಿಳಿದು ಹೊಲದ ದಾರಿಯಲ್ಲಿ ನಡೆದರೆ ಒಂದು ಹೆಂಚಿನ ಮನೆ, ಮುಂದೆ ನಾಲ್ಕು ನಿಂಬೆಗಿಡ. ಬನಿಯನ್ನು ಹಾಕಿಕೊಂಡ ತೆಳ್ಳನೆ ಮುದುಕರೊಬ್ಬರು ಗಿಡದ ಬುಡ ಕೆದಕುತ್ತಿದ್ದರು. ನಮ್ಮನ್ನು ಕಂಡು ಕೈ ತೊಳೆದುಕೊಂಡು ಬಂದು, ಮೊದಲು ಊಟ ಆಯಿತಾ ಎಂದು ಕೇಳಿದರು.

"ದಕ್ಷಿಣೆ ಏನ್ ಸಾ?" ಎಂದೆ ನಾನೇ, ಕೂರುವ ಮೊದಲೇ.

"ಪಾಠಕ್ಕೆ ಸರ್ಕಾರ ಪೆನ್ಷನ್ ಕೊಡ್ತದೆ. ಇದ್ಕೂ ನಿಮ್ ತಾವ ಈಸ್ಕಂಡ್ರೆ ಜೀರ್ಣ ಆಯ್ತದಾ ತಾಯಿ?" ಎಂದು ನಕ್ಕರು.

ಪುಡಿ ಇಲ್ಲ, ಬಾಟಲಿ ಇಲ್ಲ, ಫೋಟೊ ಇಲ್ಲ. ನಿಂಬೆ, ಮೂಸಂಬಿ, ಗಾಣದ ಎಳ್ಳೆಣ್ಣೆ, ಪೇಟೆಯಲ್ಲಿ ಸಿಗುವ ಭೇದಿ ಉಪ್ಪು, ಅಷ್ಟೇ. ಎಲ್ಲ ನಾವೇ ಕೊಂಡುಕೊಳ್ಳಬೇಕು. ಅವರಿಗೇ ಐದು ವರ್ಷದ ಹಿಂದೆ ಪಿತ್ತಕೋಶದಲ್ಲಿ ಕಲ್ಲಿತ್ತಂತೆ. ಯಾವುದೋ ವಿಡಿಯೊ ನೋಡಿ ಮಾಡಿಕೊಂಡು, ಬಿದ್ದ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ತೆಗೆದು ತೋರಿಸಿದರು. ಹಸಿರು ಕಡಲೆಕಾಳಿನಂಥವು, ಮೇಲೆ ನಯವಾದ ಹೊಳಪು. ತಮ್ಮ ಹತ್ತಿರ ಬಂದವರ ಊರು, ಹೆಸರು, ಫೋನ್ ನಂಬರು, ಎಷ್ಟು ಕಲ್ಲು ಬಿದ್ದವು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು.

ದುಡ್ಡು ಕೇಳಿದ್ದರೆ ನಾನು ಎದ್ದು ಬರುತ್ತಿದ್ದೆ. ಕೇಳಲಿಲ್ಲ. ಕಳ್ಳರನ್ನು ಹಿಡಿಯಲು ನಾನು ನಲವತ್ತೆಂಟು ವರ್ಷದಿಂದ ಬಲೆ ಹೆಣೆದಿದ್ದೆ, ಬಂದವರು ಕಳ್ಳರಾಗಿರಲಿಲ್ಲ. ಒಳ್ಳೆಯ ಮನುಷ್ಯ ಸುಳ್ಳು ಹೇಳುವುದಿಲ್ಲ ಎನ್ನುವುದೇನೋ ನಿಜ. ಅವನಿಗೆ ತಪ್ಪು ತಿಳಿದಿರಬಹುದು ಎನ್ನುವುದು ಮಾತ್ರ ನನಗೆ ಆ ದಿನ ಹೊಳೆಯಲಿಲ್ಲ.

ಅಳತೆ, ಹೊತ್ತು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಕುಡಿದಾರು ಎಂಬ ಭಯ ನನಗಿದೆ. ಒಂದು ಹಗಲೆಲ್ಲ ಮೂಸಂಬಿ ರಸದಲ್ಲೇ ಇದ್ದು, ಭೇದಿ ಉಪ್ಪು ತೆಗೆದುಕೊಂಡು, ಆಮೇಲೆ ನಿಂಬೆರಸ ಕದಡಿದ ಎಳ್ಳೆಣ್ಣೆಯನ್ನು ಮೂಗು ಮುಚ್ಚಿ ಗಟಗಟ ಕುಡಿದು ಬಲಮಗ್ಗುಲಾಗಿ ಮಲಗಿದೆ. ಮಾರನೆಯ ಬೆಳಗ್ಗೆ ಪಡಬಾರದ ಪಾಡು ಪಟ್ಟೆ. ಆದರೆ ಬಿದ್ದವು. ಹಸಿರು ಹಸಿರು, ಇಪ್ಪತ್ತಕ್ಕೂ ಹೆಚ್ಚು. ನಾಚಿಕೆ ಬಿಟ್ಟು ಅವನ್ನು ಜಾಲರಿಯಲ್ಲಿ ತೊಳೆದು ಉಪ್ಪಿನಕಾಯಿ ಬಾಟಲಿಗೆ ಹಾಕಿಟ್ಟೆ.

"ನೋಡಿ, ನೋಡಿ!" ಎಂದು ಮನೆಯವರ ಕೈಗೆ ಬಾಟಲಿ ಕೊಟ್ಟೆ.

ಅವರು ಬೆಳಕಿಗೆ ಹಿಡಿದು ನೋಡಿದರು. "ಸ್ಕ್ಯಾನಿಂಗ್‌ನಲ್ಲಿ ನಾಕೋ ಐದೋ ಅಂದಿದ್ರಲ್ಲ?"

"ಮಿಸಿನ್ನಿಗೆ ಎಲ್ಲಾನೂ ಕಾಣ್ಕಿಲ್ಲ ಕಣಿ!" ಎಂದು ಅವರ ಕೈಯಿಂದ ಬಾಟಲಿ ಕಿತ್ತುಕೊಂಡೆ. ಅನುಮಾನವನ್ನು ಆ ಮನೆಯಲ್ಲಿ ನಾನೊಬ್ಬಳೇ ಗುತ್ತಿಗೆ ಹಿಡಿದಿದ್ದೆ. ಅವರೂ ಶುರು ಮಾಡಿದ್ದು ನನಗೆ ಸಹಿಸಲಾಗಲಿಲ್ಲ.

ಸಂತೋಷವೆಂದರೆ ಸಂತೋಷ. ಅವ್ವ ಹೋದ ಬಾಗಿಲ ಮುಂದೆ ನಿಂತಿದ್ದವಳು ಹಿಂದೆ ತಿರುಗಿ ಬಂದಿದ್ದೆ. ಬೀದಿಯ ಹೆಂಗಸರೆಲ್ಲ ಬಂದು ಬಾಟಲಿ ನೋಡಿಕೊಂಡು ಹೋದರು. ಇಬ್ಬರಿಗೆ ಮೇಷ್ಟ್ರ ಊರಿನ ದಾರಿಯನ್ನೂ ಹೇಳಿಕೊಟ್ಟೆ. ಈಗ ನೆನೆದರೆ ಮೈ ಉರಿಯುತ್ತದೆ.

ಬೇಸಿಗೆ ಏರುತ್ತಿತ್ತು. ಒಂದು ದಿನ ಧೂಳು ಹೊಡೆಯುವಾಗ ಬಾಟಲಿ ಅಲ್ಲಾಡಿಸಿದರೆ ಸದ್ದೇ ಬರಲಿಲ್ಲ. ಮುಚ್ಚಳ ತೆಗೆದು ನೋಡಿದೆ. ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಕಲ್ಲು ಕಲ್ಲಿಗೆ ಅಂಟುತ್ತದೆಯೇ? ಬೆರಳಲ್ಲಿ ಒತ್ತಿದೆ. ಮೆತ್ತಗಾಗಿ ಒತ್ತಿಕೊಂಡು ಹೋಯಿತು. ಬೆರಳೆಲ್ಲ ಜಿಡ್ಡು, ಮೂಸಿದರೆ ಎಳ್ಳೆಣ್ಣೆ.

ಹಿತ್ತಲಲ್ಲಿ ನೂಲಿನ ಹಂಡೆ ಕಾಯುತ್ತಿತ್ತು. ಒಂದು ಲೋಟ ಬಿಸಿನೀರು ಬಗ್ಗಿಸಿ ಒಂದು ಚೂರು ಹಾಕಿದೆ. ನೋಡನೋಡುತ್ತ ಕರಗಿ ಹಸಿರು ಎಣ್ಣೆಯಾಗಿ ಮೇಲೆ ಹರಡಿತು. ಇನ್ನೊಂದು ಲೋಟಕ್ಕೆ ಸೋಡಾ ಹಾಕಿ, ಒಂದು ಚೂರು ಬಿಟ್ಟು ಕಡ್ಡಿಯಲ್ಲಿ ಕಲಕಿದೆ. ನೊರೆ ಬಂತು. ನೊರೆಯಲ್ಲಿ ಬೆರಳಿಟ್ಟು ಉಜ್ಜಿದೆ. ಇಷ್ಟು ವರ್ಷ ಸಾಬೂನಿನಲ್ಲೇ ಬೆಂದ ಕೈಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಕುಡಿದ ಎಣ್ಣೆಯೇ ಹೊಟ್ಟೆಯೊಳಗಿನ ರಸದ ಜೊತೆ ಸೇರಿ ಸಾಬೂನಿನಂತೆ ಗಟ್ಟಿಯಾಗಿ, ಉಂಡೆ ಕಟ್ಟಿ ಹೊರಗೆ ಬಂದಿತ್ತು. ಕಲ್ಲು ಬಿದ್ದೇ ಇರಲಿಲ್ಲ.

ಎರಡು ಲೋಟವನ್ನೂ ಬಚ್ಚಲಿಗೆ ಚೆಲ್ಲಿ, ಬಾಟಲಿಯನ್ನು ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ಆಪರೇಷನ್ನಿನ ಮಾತು. ಬೀದಿಗೆಲ್ಲ ತೋರಿಸಿದ್ದರ ನಾಚಿಕೆ ಬೇರೆ. ಗೊತ್ತಿದ್ದೂ ಹನ್ನೊಂದು ದಿನ ಸುಮ್ಮನಿದ್ದೆ. ಅಲ್ಲಿಯವರೆಗೆ ಆದದ್ದನ್ನು ಯಾರ ತಲೆಗಾದರೂ ಕಟ್ಟಬಹುದು, ಆ ಹನ್ನೊಂದು ದಿನ ಮಾತ್ರ ಪೂರ್ತಿ ನನ್ನವು.

ಹನ್ನೆರಡನೆಯ ದಿನ ಚಳಿಜ್ವರ. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಮೈ ಕಡಿತ. ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದೆ. ಮನೆಯವರು ಬೇಯಿಸಿ ಒಣಗಿಸಿದ ನೂಲಿನ ಲಡಿ ಹಿಡಿದು ದಾಟುತ್ತಿದ್ದವರು ನಿಂತರು. ನನ್ನ ಗಲ್ಲ ಹಿಡಿದು ಮುಖ ಎತ್ತಿ, ಕಣ್ಣಿನ ಪಕ್ಕಕ್ಕೆ ಆ ಬಿಳಿ ನೂಲನ್ನು ಹಿಡಿದರು. ಬಣ್ಣದವರ ಕಣ್ಣು, ಒಂದು ಎಳೆ ಹಳದಿ ಹತ್ತಿದರೂ ಅವರಿಗೆ ತಪ್ಪುವುದಿಲ್ಲ.

"ಮಣಿ, ಈ ನೂಲು ಬೆಳ್ಳಗದೆ. ನಿನ್ ಕಣ್ಣು ಬೆಳ್ಳಗಿಲ್ಲ ಕಣೆ" ಎಂದರು.

ಆಗ ಅತ್ತುಬಿಟ್ಟೆ. ಅತ್ತು, ಲೋಟದ ಕತೆಯನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದ ಅಕ್ಕ ಫೋನಿನಲ್ಲಿ, "ಕಾಮಾಲೆಗೆ ಪಾಲಾರ್ ಕಡೆ ಒಬ್ಬ ಸೊಪ್ಪು ಕೊಡ್ತನೆ, ಮೂರೇ ದಿಸ, ಉಪ್ಪು ಬುಡ್ಬೇಕು" ಎಂದು ಶುರುಮಾಡಿದಳು. ಇಪ್ಪತ್ತೈದು ವರ್ಷದಲ್ಲಿ ನಮ್ಮಕ್ಕನ ಎದುರು ದನಿ ಎತ್ತದ ಮನುಷ್ಯ ಫೋನು ಕಿತ್ತುಕೊಂಡರು.

"ಅತ್ಗೆಮ್ಮ, ಸೊಪ್ಪೂ ಸಾಕು, ಏರಳೆನೂ ಸಾಕು. ನಾನು ಮೈಸೂರ್ಗೆ ಕರ್ಕಂಡೋಯ್ತಾ ಇವ್ನಿ. ಬರದಾದ್ರೆ ಬನ್ನಿ, ಮದ್ದು ಮಾತ್ರ ತರ್ಬೇಡಿ."

ಮೈಸೂರಿನ ಆಸ್ಪತ್ರೆಯಲ್ಲಿ, ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ, ಅದಕ್ಕೇ ಪಿತ್ತರಸ ಹರಿಯದೆ ಕಾಮಾಲೆಯಾಗಿದೆ, ಸೋಂಕೂ ಆಗಿದೆ ಎಂದರು. ಮೊದಲು ಬಾಯಿಯ ಮೂಲಕ ಕೊಳವೆ ಇಳಿಸಿ ಆ ಕಲ್ಲನ್ನು ತೆಗೆದರು. ಜ್ವರ ಇಳಿದ ಮೇಲೆ ಪಿತ್ತಕೋಶದ ಆಪರೇಷನ್ ಎಂದು ನಿರ್ಧಾರವಾಯಿತು. ಆ ನಡುವಿನ ದಿನಗಳೇ ಕಠಿಣ. ಹೊರಗಿನ ಸಾಲು ಕುರ್ಚಿಗಳಲ್ಲಿ ಕೂತು ಹೆಸರು ಕೂಗುವುದನ್ನೇ ಕಾಯುವುದು. ಸ್ಟ್ರೆಚರಿನ ಮೇಲೆ ಒಳಗೆ ಹೋದವರು ಹೊರಗೆ ಬಂದರೇ ಇಲ್ಲವೇ ಎಂದು ಎಣಿಸುವುದು. ನಾನು ಎಣಿಸಿದೆ. ಒಬ್ಬ ಅಜ್ಜ ಬರಲಿಲ್ಲ ಎಂದು ಎದೆ ಬಡಿದುಕೊಂಡರೆ ಅವರು ಇನ್ನೊಂದು ಬಾಗಿಲಿಂದ ಹೋಗಿ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ನನ್ನ ಸೀರೆಯ ಸೆರಗನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು. ಮೂರು ದಿನ ಅವಳ ಬಾಯಿಂದ ಒಂದು ಮದ್ದಿನ ಹೆಸರೂ ಬರಲಿಲ್ಲ. ಅವ್ವನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಒಪ್ಪಿಗೆ ಕಾಗದವನ್ನು ನಾಲ್ಕು ಸಲ ಓದಿದೆ. ಮತ್ತು ಕೊಡುವ ಡಾಕ್ಟರು ಬಂದಾಗ ನೇರವಾಗಿ ಕೇಳಿದೆ. "ನಮ್ಮವ್ವ ಇಂಗೇ ಒಳಕ್ಕೋಗಿ ಏಳ್ನಿಲ್ಲ ಸಾ. ನಂಗೂ ಎಚ್ಚರ ಆಗ್ದಿದ್ರೆ?"

ಅವರು ಕುರ್ಚಿ ಎಳೆದುಕೊಂಡು ಕೂತರು. ಯಾವ ವರ್ಷ, ಯಾವ ಆಪರೇಷನ್, ಅವ್ವನಿಗೆ ಬಿಪಿ ಇತ್ತೇ ಎಂದು ಕೇಳಿದರು. ನಮ್ಮಪ್ಪನಿಗೆ ಸಿಗದ ಆ ಹತ್ತು ನಿಮಿಷ ನನಗೆ ಸಿಕ್ಕಿತು. ಆಮೇಲೆ ಹೇಳಿದರು. "ಏನೂ ಆಗೋದೇ ಇಲ್ಲ ಅಂತ ಯಾರಿಗೂ ಹೇಳೋಕಾಗಲ್ಲಮ್ಮ. ಆಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ನೀವು ಏಳೋವರೆಗೂ ನಿಮ್ಮ ತಲೆ ಹತ್ತಿರಾನೇ ಇರ್ತೀನಿ, ಎದ್ದು ಹೋಗಲ್ಲ."

ಗ್ಯಾರಂಟಿ ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಅವರು ಕೊಡಲಿಲ್ಲ. ಸಹಿ ಹಾಕಿದೆ.

ಆಪರೇಷನ್ನಿನ ಬೆಳಗ್ಗೆ ಇನ್ನೊಂದು ಫಜೀತಿ. ಮೈಮೇಲಿನ ಒಡವೆ, ದಾರ ಎಲ್ಲ ತೆಗೆಯಿರಿ ಎಂದು ನರ್ಸ್ ಹೇಳಿದಳು. ಓಲೆ, ಬಳೆ, ತಾಳಿ ಬಿಚ್ಚಿ ಅಕ್ಕನ ಕೈಗೆ ಕೊಟ್ಟೆ. ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗಿನ ಲಿಂಗ ಉಳಿಯಿತು. ನಮ್ಮಲ್ಲಿ ಕಟ್ಟಿದ ಲಿಂಗ ಸಾಯುವವರೆಗೂ ಮೈಯಿಂದ ಅಗಲಬಾರದು. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟೆ. ಇದನ್ನು ತೆಗೆದರೆ ನಾನು ಹೋದೆ ಎಂದೇ ಆ ಕ್ಷಣ ಅನ್ನಿಸಿತು. ನರ್ಸ್ ಮಂಡ್ಯದ ಕಡೆಯವಳು, ಅವಳ ಕೊರಳಲ್ಲಿ ಶಿಲುಬೆಯಿತ್ತು. ಅವಳು ಒಳಗೆ ಹೋಗಿ ಕೇಳಿಕೊಂಡು ಬಂದಳು.

"ಬೆಳ್ಳಿ ಕರಡಿಗೆ ಬೇಡಮ್ಮ, ಲೋಹ ಇರೋ ಹಾಗಿಲ್ಲ. ಒಳಗಿನ ಲಿಂಗ ಬಟ್ಟೇಲಿ ಸುತ್ತಿ ಅಂಗೈಗೆ ಕಟ್ತೀನಿ. ಆಯ್ತಾ?"

ಹೊಸ ಬ್ಯಾಂಡೇಜು ಬಟ್ಟೆಯ ಸುರುಳಿ ಬಿಡಿಸಿ, ಕೂಸಿಗೆ ಸುತ್ತುವ ಹಾಗೆ ಸುತ್ತಿ, ನನ್ನ ಎಡಗೈಗೆ ಕಟ್ಟಿದಳು. ಮುಷ್ಟಿ ಮುಚ್ಚಿ ಒಳಗೆ ಹೋದೆ. ಮತ್ತಿನ ಡಾಕ್ಟರು ತಲೆಯ ಹತ್ತಿರವೇ ಇದ್ದರು. ಎಚ್ಚರವಾದಾಗಲೂ ಮೊದಲು ಕಂಡದ್ದು ಅವರ ಮುಖವೇ, ತಲೆಕೆಳಗಾಗಿ. ಮುಷ್ಟಿ ಇನ್ನೂ ಮುಚ್ಚಿತ್ತು. ಬಾಗಿಲ ಹೊರಗೆ ಅಕ್ಕ ಬಿಕ್ಕಿ ಬಿಕ್ಕಿ ಅಳುವುದು ನನಗೆ ಕೇಳಿಸಿತು. ಅವ್ವ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ನನ್ನ ಕಲ್ಲುಗಳನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ನಾಲ್ಕು, ಕಂದು ಬಣ್ಣ, ಮೂಲೆಮೂಲೆಯಾದ ಮೈ. ಕೈಕಾಲಿಗೆ ಶಕ್ತಿ ಬಂದ ಕೂಡಲೇ ನಾನು ಕೇಳಿದ್ದು ಒಂದು ಲೋಟ ಬಿಸಿನೀರು. ಒಂದು ಗಂಟೆ ಕಾದೆ. ನೀರು ಆರಿತು, ಕಲ್ಲು ಕಲ್ಲಾಗಿಯೇ ಇತ್ತು. ಪಕ್ಕದ ಹಾಸಿಗೆಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಎರಡು ತಿಂಗಳಾದ ಮೇಲೆ ರಾಮಾಪುರಕ್ಕೆ ಹೊರಟೆ. ಚೀಲದಲ್ಲಿ ಅಟ್ಟದ ಮೇಲಿನ ಬಾಟಲಿ, ಆಸ್ಪತ್ರೆಯ ಡಬ್ಬಿ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಮೇಷ್ಟ್ರು ಒಪ್ಪುವುದಿಲ್ಲ, ನೀನು ಪಥ್ಯ ಸರಿ ಮಾಡಿಲ್ಲ ಎನ್ನುತ್ತಾರೆ, ಆಸ್ಪತ್ರೆಯವರು ನಿನ್ನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ ಎನ್ನುತ್ತಾರೆ. ಎಲ್ಲಕ್ಕೂ ಉತ್ತರ ಜೋಡಿಸಿಕೊಂಡಿದ್ದೆ.

ಆದದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ಒಂದು ಮಾತೂ ಅಡ್ಡ ಹಾಕದೆ ಕೇಳಿಸಿಕೊಂಡರು. ಒಳಗೆ ಹೋಗಿ ತಾವೇ ನೀರು ಕಾಯಿಸಿ ಎರಡು ಲೋಟದಲ್ಲಿ ತಂದರು. ಒಂದಕ್ಕೆ ಆಸ್ಪತ್ರೆಯ ಕಲ್ಲು ಹಾಕಿದರು, ಅದು ತಳದಲ್ಲಿ ಕೂತಿತು. ಇನ್ನೊಂದಕ್ಕೆ ನಾನು ಕೊಟ್ಟ ಮುದ್ದೆಯಿಂದ ಒಂದು ಚೂರು ಹಾಕಿದರು, ಕರಗಿತು. ಆಮೇಲೆ ಫ್ರಿಜ್ಜಿನಿಂದ ತಮ್ಮ ಡಬ್ಬಿ ತೆಗೆದು, ಐದು ವರ್ಷ ಜೋಪಾನ ಮಾಡಿದ್ದರಲ್ಲಿ ಒಂದನ್ನು ಆರಿಸಿ ಅದೇ ಲೋಟಕ್ಕೆ ಬಿಟ್ಟರು. ಅದೂ ಕರಗಿ ಮೇಲೆ ತೇಲಿತು.

ಮೇಷ್ಟ್ರು ತಮ್ಮ ಬಲಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡರು.

"ಅಂಗಾದ್ರೆ ನಂದೂ ಇನ್ನೂ ಒಳ್ಗೇ ಅದೆ ಅನ್ನು ತಾಯಿ."

"ಗೊತ್ತಿಲ್ಲ ಸಾ. ಸ್ಕ್ಯಾನಿಂಗ್ ಮಾಡುಸ್ಬೇಕು. ಕೊಳ್ಳೇಗಾಲ್ಕೆ ಬನ್ನಿ, ನಾನೇ ಜೊತ್ಗೆ ಬತ್ತೀನಿ."

"ಬತ್ತೀನಿ. ನಂದು ಆಮೇಲಾಗ್ಲಿ." ಎದ್ದು ಗೂಡಿನಿಂದ ನೋಟ್‌ಬುಕ್ಕು ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದು, ಮೊದಲ ಹೆಸರಿನ ಕೆಳಗೆ ಬೆರಳಿಟ್ಟು ನಂಬರು ಒತ್ತಿದರು.

"ಅಲೋ, ಸಿದ್ದಮ್ಮನಾ? ನಾನು ಕಣವ್ವ, ರಾಮಾಪುರದ ಮೇಷ್ಟ್ರು. ಅವತ್ತು ನಿಂಗೆ ಒಂದು ಪಾಠ ತಪ್ಪು ಏಳ್ಕೊಟ್ಟಿದೀನಿ. ಒಸಿ ಕುಂತ್ಕೊಂಡು ಕೇಳು."